ಬಾಲಗಂಧರ್ವರನ್ನು ನೋಡಿ ಹೆಂಗಸರೇ ಸೀರೆ ಉಡುವ ರೀತಿ ಬದಲಿಸಿಕೊಂಡಿದ್ದು ನಿಜವಾ?

"ಬಾಲಗಂಧರ್ವ ಅನ್ನೋ ಮರಾಠಿ ನಟ ಹೆಣ್ಣು ವೇಷದಲ್ಲಿ ದೊಡ್ಡ ಹೆಸರು ಮಾಡಿದ್ದರಂತೆ. ಹೆಂಗಸರೇ ಅವರನ್ನು ನೋಡಿ ಸೀರೆ ಉಡುತ್ತಿದ್ದರಂತೆ. ನಿಜವಾ, ಇಲ್ಲ ಸುಮ್ನೆ ಉಬ್ಬಿಸಿ ಹೇಳ್ತಾರಾ?" ಅಂತ ಕೇಳಿದ್ದೀರಿ.

ನಿಜ. ಆದರೆ ಸೀರೆಯ ಮಾತು ಅದರಲ್ಲಿ ಒಂದು ಭಾಗ ಮಾತ್ರ.

ನಾನು ಮಂಡ್ಯ ಜಿಲ್ಲೆಯವನು, ಪಾಂಡವಪುರದ ಕಡೆ. ನಮ್ಮ ದೊಡ್ಡಪ್ಪ ಊರಿನ ಕುರುಕ್ಷೇತ್ರ ನಾಟಕದಲ್ಲಿ ಎಷ್ಟೋ ವರ್ಷ ದ್ರೌಪದಿ ಪಾರ್ಟು ಮಾಡಿದವರು. ಹಾಗಾಗಿ ಈ ವಿಷಯ ನನಗೆ ಪುಸ್ತಕದಿಂದ ಬಂದದ್ದಕ್ಕಿಂತ ನಮ್ಮ ಮನೆಯ ಜಗಲಿಯಲ್ಲಿ ಬಂದದ್ದು ಜಾಸ್ತಿ.

ಬಾಲಗಂಧರ್ವರ ನಿಜವಾದ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಹುಟ್ಟಿದ್ದು 1888ರಲ್ಲಿ. ಚಿಕ್ಕ ಹುಡುಗ ಹಾಡಿದ್ದನ್ನು ಕೇಳಿ ಲೋಕಮಾನ್ಯ ತಿಲಕರು ಬಾಲಗಂಧರ್ವ ಅಂದರು, ಆ ಹೆಸರೇ ನಿಂತಿತು. 1905ರಲ್ಲಿ ಕಿರ್ಲೋಸ್ಕರ್ ನಾಟಕ ಮಂಡಳಿ ಸೇರಿದರು. ಶಕುಂತಲೆಯಾಗಿ ರಂಗದ ಮೇಲೆ ಬಂದರು. 1913ರಲ್ಲಿ ಗೆಳೆಯರ ಜೊತೆ ಸೇರಿ ಸ್ವಂತ ಕಂಪನಿ ಕಟ್ಟಿದರು. ಅದೇ ಗಂಧರ್ವ ನಾಟಕ ಮಂಡಳಿ.

ಆ ಕಾಲದಲ್ಲಿ ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚುವುದನ್ನು ಯಾರೂ ಒಪ್ಪುತ್ತಿರಲಿಲ್ಲ. ಮರಾಠಿಯಲ್ಲಷ್ಟೇ ಅಲ್ಲ, ನಮ್ಮಲ್ಲೂ ಹಾಗೇ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ಅರಮನೆ ಕಂಪನಿ ಕಟ್ಟಿಸಿ, ಬಸವಪ್ಪ ಶಾಸ್ತ್ರಿಗಳಿಂದ ಶಾಕುಂತಲ ಬರೆಸಿ ಆಡಿಸಿದಾಗಲೂ ಹೆಣ್ಣು ಪಾತ್ರ ಗಂಡಸರದೇ. ಅದಕ್ಕೇ ಬಾಲಗಂಧರ್ವರು ಹೆಣ್ಣು ವೇಷ ಹಾಕಿದ್ದು ದೊಡ್ಡ ವಿಷಯವಲ್ಲ. ಹಾಕಿದವರು ನೂರಾರು ಜನ ಇದ್ದರು. ಅವರು ಹಾಕಿದ ಮೇಲೆ ನೋಡುವವರಿಗೆ ಅದು ವೇಷ ಅನ್ನಿಸಲಿಲ್ಲ, ಅಲ್ಲಿದೆ ಅವರ ದೊಡ್ಡತನ.

ಅದು ಎಷ್ಟು ಕಷ್ಟ ಅಂತ ದೊಡ್ಡಪ್ಪನನ್ನು ನೋಡಿ ನನಗೆ ಗೊತ್ತು. ಮಾತು, ಕಂದಪದ್ಯ, ಹಾಡಿನ ಮಟ್ಟು ಎಲ್ಲವನ್ನೂ ಹಾರ್ಮೋನಿಯಂ ಮೇಷ್ಟ್ರು ಕಲಿಸುತ್ತಿದ್ದರು. ಆದರೆ ಸೆರಗನ್ನು ಯಾವ ಮೇಷ್ಟ್ರೂ ಕಲಿಸಲು ಆಗಲಿಲ್ಲ. ಗಂಡಸರು ಸೆರಗನ್ನು ಹಿಡಿದುಕೊಳ್ಳುತ್ತಾರೆ, ಹೆಂಗಸರು ಅದನ್ನು ಮರೆತಿರುತ್ತಾರೆ, ವ್ಯತ್ಯಾಸ ಇಷ್ಟೇ ಅನ್ನುತ್ತಿದ್ದರು ದೊಡ್ಡಪ್ಪ. ಅದನ್ನು ಅವರು ಕಲಿತದ್ದು ದೊಡ್ಡಮ್ಮನಿಂದ. ರಾತ್ರಿ ಊಟವಾದ ಮೇಲೆ ದೊಡ್ಡಮ್ಮನ ಹಳೇ ಸೀರೆ ಉಟ್ಟು, ಚೌರಿ ಕಟ್ಟಿಕೊಂಡು, ಹಟ್ಟಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರಂತೆ. "ಹಂಗಲ್ಲ ಕಣ್ರೀ, ಕೈ ಬುಡಿ" ಅಂತ ದೊಡ್ಡಮ್ಮ ತಿದ್ದುತ್ತಿದ್ದರಂತೆ. ಒಂದು ಸುಗ್ಗಿ ಪೂರ್ತಿ ಹೀಗೇ ಕಳೆಯಿತಂತೆ. ಇದೆಲ್ಲ ಒಂದೇ ಒಂದು ರಾತ್ರಿಯ ನಾಟಕಕ್ಕೆ!

ಬಾಲಗಂಧರ್ವರು ಇದೇ ಕೆಲಸವನ್ನು ಹತ್ತಾರು ವರ್ಷ ಮಾಡಿದರು. ಒಂದೇ ಬಗೆಯ ಹೆಣ್ಣನ್ನಂತೂ ಮಾಡಲಿಲ್ಲ. 1911ರ 'ಮಾನಾಪಮಾನ' ನಾಟಕದಲ್ಲಿ ಶ್ರೀಮಂತರ ಮನೆಯ ಭಾಮಿನಿ. 1916ರ 'ಸ್ವಯಂವರ'ದಲ್ಲಿ ರುಕ್ಮಿಣಿ. 1919ರ 'ಏಕಚ್ ಪ್ಯಾಲಾ'ದಲ್ಲಿ ಕುಡುಕನ ಹೆಂಡತಿ ಸಿಂಧು. ಜರಿ ಸೀರೆಗೆ, ಒಡವೆಗೆ ಹೆಸರಾದ ನಟ ಬಡತನದಲ್ಲಿ ಬೇಯುವ ಹೆಂಗಸಾಗಿ ಬಂದು ಜನರನ್ನು ಅಳಿಸಿದರು. ನನ್ನ ಕೇಳಿದರೆ ಅವರ ಪಾತ್ರಗಳಲ್ಲಿ ಸಿಂಧುವೇ ದೊಡ್ಡದು. ಚೆಂದ ಕಾಣುವುದನ್ನು ಬಿಟ್ಟುಕೊಡಲು ಎಲ್ಲರಿಗೂ ಆಗುವುದಿಲ್ಲ, ಅಲ್ವಾ?

'ಮಾನಾಪಮಾನ' ಮುಂಬೈಯಲ್ಲಿ ಮೊದಲ ಸಲ ಆಡುವ ದಿನವೇ ಅವರ ಎಳೆಯ ಮಗಳು ತೀರಿಕೊಂಡಳು. ಆದರೂ ಅವತ್ತು ನಾಟಕ ನಿಲ್ಲಲಿಲ್ಲ. ಅವರು ಬಣ್ಣ ಹಚ್ಚಿ ಭಾಮಿನಿಯಾಗಿ ಹಾಡಿದರು. ಇದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಇನ್ನು ಸೀರೆಯ ಮಾತು. ಅವರು ಸೀರೆ ಉಡುವ ರೀತಿ, ತುರುಬು, ಮುಡಿಯುವ ಹೂವು, ತೊಡುವ ಒಡವೆ ಎಲ್ಲವನ್ನೂ ಪುಣೆ ಮುಂಬೈಯ ಹೆಂಗಸರು ನೋಡಿ ಅನುಸರಿಸಿದರು. ಆಗ ಸಿನಿಮಾ ನಟಿಯರು ಇನ್ನೂ ಮನೆಮಾತಾಗಿರಲಿಲ್ಲ. ಹೊಸ ಕಾಲದ ಗೃಹಿಣಿ ಹೇಗಿರಬೇಕು ಅನ್ನುವುದಕ್ಕೆ ಕಣ್ಣ ಮುಂದೆ ಇದ್ದ ಚಿತ್ರ ಒಬ್ಬ ಗಂಡಸಿನದು. ಯೋಚಿಸಿ ನೋಡಿ, ಇದು ಎಷ್ಟು ವಿಚಿತ್ರ ಮತ್ತು ಎಷ್ಟು ದೊಡ್ಡದು! ಹೆಂಗಸರಿಂದ ಕಲಿತದ್ದನ್ನು ಅವರು ಹೆಂಗಸರಿಗೇ ವಾಪಸ್ ಕೊಟ್ಟರು.

ಸಂಗೀತದಲ್ಲಿ ಅವರ ಪ್ರಭಾವ ಇದಕ್ಕಿಂತ ಜಾಸ್ತಿ. ಬಾಲಗಂಧರ್ವರ ಗುರು ಭಾಸ್ಕರಬುವಾ ಬಖಲೆ. ಕಂಪನಿಯಲ್ಲಿ ತಬಲಾಕ್ಕೆ ಅಹ್ಮದ್‌ಜಾನ್ ತಿರಕವಾ ಇದ್ದರು. ರಾಗದಾರಿ (ಶಾಸ್ತ್ರೀಯ) ಸಂಗೀತ ಗೊತ್ತಿಲ್ಲದ ಜನರೂ ನಾಟಕದ ಹಾಡಿನ ದಾರಿಯಿಂದ ಅದರ ಒಳಗೆ ಬಂದರು. ಒನ್ಸ್ ಮೋರ್ ಕೂಗಿ ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು.

ನಮ್ಮವರು ಇದನ್ನು ಪರರಾಜ್ಯದ ಕಥೆ ಅಂತ ದೂರ ಇಡಬಾರದು. ಸಾಂಗ್ಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದು ನಮ್ಮ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವನ್ನು, ಅಂದರೆ ಯಕ್ಷಗಾನದ ತಂಡವನ್ನು ನೋಡಿಯೇ. ಬಾಲಗಂಧರ್ವರು ಮೊದಲು ಸೇರಿದ ಕಿರ್ಲೋಸ್ಕರ್ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬಾಲಗಂಧರ್ವರ ಕೊನೆಗಾಲದಲ್ಲಿ ಜೊತೆಗಿದ್ದ ಗೋಹರ್ ಕರ್ನಾಟಕಿ ಕೂಡ ಬಿಜಾಪುರ ಸೀಮೆಯ ಮನೆತನದವರು. ಸಿನಿಮಾ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯ ಅಕ್ಕ. ಈ ಗೋಹರ್ ಬಾಲಗಂಧರ್ವರ ಹಾಡುಗಾರಿಕೆಯನ್ನೇ ಮೈಗೂಡಿಸಿಕೊಂಡು ಹಾಡಿದವರು. ಆಮೇಲೆ ಅವರದೇ ಕಂಪನಿಯಲ್ಲಿ ಪಾತ್ರ ಮಾಡಿದರು. ಹೆಣ್ಣಿನಂತೆ ಹಾಡಲು ಒಬ್ಬ ಗಂಡಸು ಕಂಡುಕೊಂಡ ದಾರಿಯನ್ನು ಒಬ್ಬ ಹೆಣ್ಣು ಕಲಿತು ರಂಗಕ್ಕೆ ಬಂದಳು. ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದು.

ಕೊನೆಯ ದಿನಗಳು ಸುಖದ್ದಲ್ಲ. ನಾಟಕದ ವೈಭವಕ್ಕೆ ಕೈ ಬಿಚ್ಚಿ ಖರ್ಚು ಮಾಡಿ ಸಾಲ ಬೆಳೆಯಿತು. ಮಾತಿನ ಸಿನಿಮಾ ಬಂತು. 1935ರಲ್ಲಿ ವಿ. ಶಾಂತಾರಾಮರ 'ಧರ್ಮಾತ್ಮಾ'ದಲ್ಲಿ ಸಂತ ಏಕನಾಥರಾಗಿ ಗಂಡು ಪಾತ್ರ ಮಾಡಿದರು, ಆದರೆ ಸಿನಿಮಾ ಅವರಿಗೆ ಒಗ್ಗಲಿಲ್ಲ. 1964ರಲ್ಲಿ ಪದ್ಮಭೂಷಣ ಬಂತು. 1967ರಲ್ಲಿ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ತೆರೆಯಿತು.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಇದೆಲ್ಲ ಬರೀ ನಗೆಪಾಟಲು ಅಂತ ಬರೆದಿದ್ದಾರೆ. ಅದು ನನಗೆ ನೋವಾಯಿತು. ಗಂಡಸು ಸೀರೆ ಉಟ್ಟರೆ ನಗಬೇಕು ಅನ್ನುವುದನ್ನು ಈಗಿನ ಟಿವಿ ಕಾಮಿಡಿ ನಮಗೆ ಅಭ್ಯಾಸ ಮಾಡಿಸಿದೆ. ದೊಡ್ಡಪ್ಪ ದ್ರೌಪದಿಯಾಗಿ ಮುಡಿ ಬಿಚ್ಚಿ ನಿಂತಾಗ ನಮ್ಮೂರಲ್ಲಿ ಯಾರೂ ನಗುತ್ತಿರಲಿಲ್ಲ. ಬೆಳಗಾದ ಮೇಲೆ ಗದ್ದೆ ಬಯಲಲ್ಲಿ ಕೆಲವರು ಆಡಿಕೊಳ್ಳುತ್ತಿದ್ದದ್ದು ನಿಜ. ಅದನ್ನು ದೊಡ್ಡಪ್ಪ ಇವತ್ತಿಗೂ ಮರೆತಿಲ್ಲ. ಹೆಣ್ಣು ವೇಷ ಹಾಕಿ ಆಡುವ, ಈಗ ಡ್ರ್ಯಾಗ್ ಅಂತ ಕರೆಯುವ ಕಲೆಯನ್ನು ಬೆಂಗಳೂರಿನಲ್ಲಿ ಮಾಡುವ ಹುಡುಗರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಎದ್ದು ಹೋಗುತ್ತಾರೆ.

ನಿಮಗೆ ಅನುಮಾನ ಇದ್ದರೆ 'ಸ್ವಯಂವರ'ದ 'ನಾಥ ಹಾ ಮಾಝಾ' ಹಾಡನ್ನು ಯೂಟ್ಯೂಬಿನಲ್ಲಿ ಹುಡುಕಿ ಕೇಳಿ. ಹಳೇ ಗ್ರಾಮಫೋನ್ ಪ್ಲೇಟಿನದು, ಗರಗರ ಸದ್ದು ಇರುತ್ತದೆ. ಕಳೆದ ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಅದನ್ನು ಮೊಬೈಲಿನಲ್ಲಿ ಕೇಳಿಸಿದೆ. ಅವರಿಗೆ ಮರಾಠಿ ಒಂದಕ್ಷರ ಬರಲ್ಲ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಉಸುರು ಎಲ್ಲಿ ತಗತಾರೆ ಅಂತ ಗೊತ್ತೇ ಆಗಕಿಲ್ಲವಲ್ಲ ಮಗ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳೆತ್ತಿ "ಒನ್ಸ್ ಮೋರ್" ಅಂದರು.