ಅಗೆಯುವ ಯಂತ್ರಗಳಿಲ್ಲದ ಕಾಲದಲ್ಲಿ ರೈಲು ದಾರಿ ಕಟ್ಟಿದವರನ್ನು ಅಷ್ಟೊಂದು ಮೆಚ್ಚುವುದೇಕೆ?

ಹೆಚ್ಚಾಗಿ ಗುದ್ದಲಿ, ಕುದುರೆ, ಸಿಡಿಮದ್ದುಗಳನ್ನೇ ನಂಬಿ ರೈಲು ದಾರಿ ಕಟ್ಟಿದವರನ್ನು ಇಂದಿಗೂ ಕೊಂಡಾಡುವುದೇಕೆ, ಹಳಿ ಹಾಸುವುದರಲ್ಲಿ ಅಂಥ ಕಷ್ಟವೇನು ಎಂದು ಕೇಳಿದ್ದೀರಿ. ಹಳಿ ಹಾಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ನೆಲವನ್ನು ಹದಕ್ಕೆ ತರಬೇಕಲ್ಲ, ನನ್ನ ಮೆಚ್ಚುಗೆಯೆಲ್ಲ ಅದಕ್ಕೇ.

ಆ ಕಾಲದ ಗಾಡಿಯನ್ನು ಸಮತಟ್ಟಾದ ಹಳಿಯ ಮೇಲೆ ಎಳೆಯಲು ಟನ್ನಿಗೆ ಸುಮಾರು 4 ಕೆ.ಜಿ. ಬಲ ಸಾಕಿತ್ತು. 100 ಅಡಿಗೆ 1 ಅಡಿ ಏರಿದರೆ ಅದರ ಮೇಲೆ ಇನ್ನೂ 10 ಕೆ.ಜಿ. ಬೇಕು. ನಡೆಯುವವನ ಕಾಲಿಗೂ ಅಷ್ಟಾಗಿ ತಿಳಿಯದ ಏರಿನಲ್ಲಿ ಎಂಜಿನ್ನಿನ ಹೊರೆ ಮೂರೂವರೆ ಪಟ್ಟು! ಹಾಗಾಗಿಯೇ ಗುಡ್ಡ ಕಡಿದು, ತಗ್ಗು ತುಂಬಿ, ಆದಷ್ಟು ಮಟ್ಟವಾಗಿ ದಾರಿ ಒಯ್ಯಲು ಅವರು ಅಷ್ಟು ಹಟ ಹಿಡಿದರು.

ಇಂಗ್ಲೆಂಡಿನಲ್ಲಿ 1830ರಲ್ಲಿ ತೆರೆದ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ನಡುವೆ ಚ್ಯಾಟ್ ಮಾಸ್ ಎಂಬ ಜೌಗು ಇತ್ತು. ಸುರಿದ ಮಣ್ಣನ್ನೆಲ್ಲ ಅದು ನುಂಗುತ್ತಿತ್ತು. ಆ ಮಾರ್ಗದ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ತಳ ಹುಡುಕುತ್ತ ಕೂರಲಿಲ್ಲ, ದಾರಿಯನ್ನೇ ತೇಲಿಸಿದ. ಎರಡೂ ಬದಿ ಕಾಲುವೆ ತೋಡಿ ನೀರು ಬಸಿದು, ರೆಂಬೆಗಳಿಂದ ಹೆಣೆದ ತಡಿಕೆ ಹಾಗೂ ಕುರುಚಲು ಗಿಡಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಜಲ್ಲಿ ಹರಡಿಸಿದ. ಭಾರ ಒಂದೇ ಕಡೆ ಊರದೆ ಅಗಲಕ್ಕೆ ಹಂಚಿಹೋಯಿತು. ಕೆಲವೆಡೆ ತೋಡಿದ ಕಾಲುವೆಯೇ ಕುಸಿದು ಮುಚ್ಚಿಕೊಳ್ಳುತ್ತಿತ್ತು. ಅಲ್ಲಿ ಹಳೆಯ ಟಾರು ಪೀಪಾಯಿಗಳನ್ನು ಒಂದಕ್ಕೊಂದು ಸೇರಿಸಿ ಕೊಳವೆ ಮಾಡಿದರು. ಪೀಪಾಯಿ ಹಗುರ, ಆದ್ದರಿಂದ ಹೂತುಹೋಗುವುದಿಲ್ಲ. ಆ ಮಾರ್ಗದಲ್ಲಿ ಈಗಲೂ ರೈಲು ಓಡುತ್ತಿದೆ.

ಅವನ ಮಗ ರಾಬರ್ಟ್‌ಗೆ ಎದುರಾದದ್ದು ಇನ್ನೂ ಕಠಿಣ. ಲಂಡನ್–ಬರ್ಮಿಂಗ್‌ಹ್ಯಾಂ ಮಾರ್ಗದ ಕಿಲ್ಸ್‌ಬಿ ಸುರಂಗ ಸುಮಾರು 2.2 ಕಿ.ಮೀ. ಉದ್ದ. ಮೊದಲೇ ಬಾವಿ ತೋಡಿ ಪರೀಕ್ಷಿಸಿದ್ದರೂ, ಆ ಬಾವಿಗಳ ನಡುವೆ ಅಡಗಿದ್ದ, ನೀರು ತುಂಬಿದ ಹುದುಲು ಮರಳು ಕೈಗೆ ಸಿಕ್ಕಿರಲಿಲ್ಲ. ಅಗೆಯುತ್ತಿದ್ದಾಗ ನೀರು ನುಗ್ಗಿತು. 13 ಉಗಿಯಂತ್ರಗಳನ್ನು ಹೂಡಿ, ನಿಮಿಷಕ್ಕೆ ಸುಮಾರು 8,000 ಲೀಟರಿನಂತೆ ತಿಂಗಳುಗಟ್ಟಲೆ ನೀರೆತ್ತಿದರು. ನನ್ನನ್ನು ಬೆರಗುಗೊಳಿಸುವುದು ರಾಬರ್ಟ್ ಗಮನಿಸಿದ ಒಂದು ಸಂಗತಿ: ಮರಳಿನೊಳಗಿನ ನೀರು ಕೆರೆಯ ನೀರಿನಂತೆ ಒಂದೇ ಮಟ್ಟದಲ್ಲಿರದೆ, ಪಂಪಿನ ಕಡೆಗೆ ಇಳಿಜಾರಾಗಿ ನಿಲ್ಲುತ್ತದೆ. ಕಾಳುಗಳ ನಡುವೆ ಹರಿಯುವ ನೀರಿಗೆ ಅಷ್ಟು ತಡೆ. ಅಂದಮೇಲೆ ಇಡೀ ಮರಳು ಪದರವನ್ನು ಬತ್ತಿಸಬೇಕಿಲ್ಲ, ಸುರಂಗದ ಸಾಲಿನಲ್ಲಿ ಒಣಗಿದರೆ ಸಾಕು. 1838ರಲ್ಲಿ ಸುರಂಗ ಮುಗಿಯಿತು.

ಇನ್ನು ಸುರಂಗದ ದಿಕ್ಕು. ಸುರಂಗದ ಸಾಲಿನಲ್ಲಿ ಮೇಲಿನಿಂದ ಬಾವಿಗಳನ್ನು ತೋಡಿ, ಅವುಗಳ ತಳದಿಂದ ಅಗೆಯುತ್ತಿದ್ದರು. ನೆಲದ ಮೇಲಿನ ಗೆರೆಯನ್ನು ಕೆಳಕ್ಕೆ ಒಯ್ಯಲು ಇದ್ದದ್ದು ಬಾವಿಯೊಳಗೆ ಇಳಿಬಿಟ್ಟ ಎರಡು ತೂಗುಗುಂಡುಗಳು ಮಾತ್ರ. ಅವುಗಳ ಅಂತರ 2.5 ಮೀಟರ್ ಎಂದುಕೊಳ್ಳಿ. ಒಂದು ದಾರ 1 ಮಿ.ಮೀ. ಸರಿದರೆ 100 ಮೀಟರ್ ಮುಂದೆ ಗೆರೆ 40 ಮಿ.ಮೀ. ತಪ್ಪುತ್ತದೆ. ಬಾವಿಯ ಗಾಳಿಗೆ ದಾರ ಓಲಾಡುತ್ತಲೇ ಇರುತ್ತದೆ. ಗುಂಡನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಓಲಾಟ ನಿಲ್ಲುವವರೆಗೆ ಕಾದು, ಆಮೇಲೆ ಗುರುತು ಹಾಕಬೇಕು. ಎರಡು ಬಾವಿಗಳಿಂದ ಎದುರುಬದುರಾಗಿ ಅಗೆದುಕೊಂಡು ಬಂದವರು ಕತ್ತಲಲ್ಲಿ ಸಂಧಿಸುತ್ತಿದ್ದದ್ದು ಆ ಗುರುತನ್ನು ನಂಬಿ.