ನನ್ನ ಗೇಮ್‌ನ ಹಗ್ಗದ ಸೇತುವೆ ಸ್ನೇಹಿತನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸಿಡಿಯುತ್ತದೆ. ಹ್ಯಾವಕ್, ಫಿಸ್‌ಎಕ್ಸ್, ಜೋಲ್ಟ್: ವಸ್ತುಗಳ ಚಲನೆ ಲೆಕ್ಕ ಹಾಕಿಕೊಡುವ ಈ ಫಿಸಿಕ್ಸ್ ಎಂಜಿನ್‌ಗಳಲ್ಲಿ ಯಾವುದಕ್ಕೆ ಹೋಗಲಿ? ಇವುಗಳ ಇತಿಹಾಸವೇನು?

ಯಾವುದಕ್ಕೂ ಹೋಗಬೇಡಿ. ನೀವೇ ಬರೆದ ಸ್ಪ್ರಿಂಗ್ ಸೇತುವೆ ನಿಮ್ಮ ಕಂಪ್ಯೂಟರ್‌ನಲ್ಲಿ ಅಲುಗದೆ ನಿಲ್ಲುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲಿ ಹಲಗೆಗಳು ಆಕಾಶಕ್ಕೆ ಹಾರುತ್ತವೆ ಅಂದಿದ್ದೀರಿ. ನನ್ನ ಸೇತುವೆಯೂ ಹೀಗೇ ಹಾರಿತ್ತು. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ: ಹಿಂದಿನ ಫ್ರೇಮ್‌ಗೆ, ಅಂದರೆ ಪರದೆಯ ಒಂದು ಚಿತ್ರಕ್ಕೆ, ಎಷ್ಟು ಸಮಯ ಹಿಡಿಯಿತೋ ಅದನ್ನೇ ಫಿಸಿಕ್ಸ್ ಸ್ಟೆಪ್‌ಗೆ (ಒಂದು ಸಲಕ್ಕೆ ಚಲನೆಯನ್ನು ಮುಂದಕ್ಕೆ ಲೆಕ್ಕ ಹಾಕುವ ಸಮಯದ ತುಂಡಿಗೆ) ಕೊಟ್ಟಿದ್ದೆ.

ಆ ಸಾಲು ಮಾಡುವ ಹಾನಿಯನ್ನು ಲೆಕ್ಕ ಹಾಕಿಯೇ ನೋಡಬೇಕು. ಹನ್ನೆರಡು ಹಲಗೆ, ಒಂದೊಂದೂ 1 ಕೆಜಿ, ನಡುವಿನ ಸ್ಪ್ರಿಂಗ್‌ಗಳ ಬಿಗಿತ ಮೀಟರಿಗೆ 2500 ನ್ಯೂಟನ್. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಸ್ಥಾನ ಬದಲಿಸುವ ಸೆಮಿ-ಇಂಪ್ಲಿಸಿಟ್ ಆಯ್ಲರ್ ವಿಧಾನ. ಇಂಥ ಸರಪಳಿಗೆ ಸ್ಟೆಪ್‌ನ ಮಿತಿ ಎಷ್ಟು ಗೊತ್ತೇ? ತೂಕವನ್ನು ಬಿಗಿತದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, ಸುಮಾರು 0.02 ಸೆಕೆಂಡ್ ಬರುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡಿದರೆ ಸ್ಟೆಪ್ 0.0167, ಬಚಾವ್. 50 ಆದರೆ ಅಂಚಿನ ಮೇಲೆ. 40ಕ್ಕೆ ಇಳಿದರೆ ಸ್ಟೆಪ್ 0.025. ಆಗ ಪಕ್ಕಪಕ್ಕದ ಹಲಗೆಗಳು ಎದುರುಬದುರಾಗಿ ಒದೆಯಲು ಶುರುಮಾಡುತ್ತವೆ. ಪ್ರತಿ ಸ್ಟೆಪ್‌ಗೂ ಆ ಅಲುಗಾಟ ದಿಕ್ಕು ತಿರುಗಿಸಿಕೊಂಡು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಒಂದು ಮಿಲಿಮೀಟರ್ ನಡುಕ ಹತ್ತು ಸ್ಟೆಪ್‌ನಲ್ಲಿ, ಅಂದರೆ ಕಾಲು ಸೆಕೆಂಡಿನಲ್ಲಿ, ಒಂದು ಕಿಲೋಮೀಟರ್ ಹತ್ತಿರಕ್ಕೆ ಹೋಗುತ್ತದೆ. ನಿಮ್ಮ ಸ್ನೇಹಿತರಿಗೆ ಕಂಡದ್ದು ಇದೇ.

ಇದು ತಿಳಿಯದೆ ನಾನು ಬಿಗಿತ ಇಳಿಸಿದೆ. ಸೇತುವೆ ರಬ್ಬರ್ ಆಯಿತು. ಡ್ಯಾಂಪಿಂಗ್ (ಅಲುಗಾಟ ತಗ್ಗಿಸುವ ಬಲ) ಏರಿಸಿದೆ, ಇನ್ನೂ ಬೇಗ ಸಿಡಿಯಿತು. ಯಾಕೆಂದರೆ ಹಳೆಯ ವೇಗದಿಂದ ಲೆಕ್ಕ ಹಾಕುವ ಡ್ಯಾಂಪಿಂಗ್ ಸ್ಟೆಪ್‌ನ ಮಿತಿಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಆಮೇಲೆ ಎಂಜಿನ್ ಬದಲಿಸಿದೆ, ಆದರೆ ಆ ಸಾಲನ್ನು ಜೊತೆಗೇ ಹೊತ್ತುಕೊಂಡು ಹೋದೆ. ಅಲ್ಲಿ ಹಲಗೆ ಸಿಡಿಯಲಿಲ್ಲ, ಕೀಲುಗಳು ಮಾತ್ರ ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಜೋತುಬಿದ್ದವು. ನೀವು ಈಗ ಹೊರಟಿರುವುದೂ ಅದೇ ದಾರಿಗೆ.

ಸರಿಪಡಿಸುವುದು ಹೀಗೆ. ಸ್ಟೆಪ್ ಯಾವಾಗಲೂ 1/60 ಸೆಕೆಂಡ್. ಫ್ರೇಮ್‌ಗೆ ಹಿಡಿದ ಸಮಯವನ್ನು ಒಂದು ಡಬ್ಬಿಗೆ ಹಾಕುತ್ತಾ ಹೋಗಿ; ಡಬ್ಬಿಯಲ್ಲಿ 1/60 ಇರುವವರೆಗೂ ಒಂದೊಂದು ಸ್ಟೆಪ್ ಓಡಿಸಿ, ಅಷ್ಟನ್ನು ಕಳೆಯಿರಿ. ಡಬ್ಬಿಗೆ ಹಾಕುವ ಮುಂಚೆ ಫ್ರೇಮ್ ಸಮಯಕ್ಕೆ 0.25 ಸೆಕೆಂಡಿನ ಮಿತಿ ಇಡಿ. ಇಲ್ಲದಿದ್ದರೆ ನಿಧಾನದ ಯಂತ್ರ ಬಾಕಿ ಸ್ಟೆಪ್ ತೀರಿಸಲು ಹೋಗಿ ಇನ್ನಷ್ಟು ಬಾಕಿ ಮಾಡಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ಕೊನೆಗೆ ಉಳಿದ ಚೂರನ್ನು 1/60ರಿಂದ ಭಾಗಿಸಿ, ಆ ಪ್ರಮಾಣದಲ್ಲಿ ಹಿಂದಿನ ಸ್ಥಾನ ಮತ್ತು ಈಗಿನ ಸ್ಥಾನ ಬೆರೆಸಿ ಚಿತ್ರ ಬಿಡಿಸಿ. ಇದನ್ನು ಬಿಟ್ಟರೆ 144 ಹರ್ಟ್ಜ್ ಪರದೆಯಲ್ಲಿ ಚಲನೆ ತಡವರಿಸುತ್ತದೆ. ಯೂನಿಟಿ ಗೇಮ್ ಎಂಜಿನ್‌ನಲ್ಲಿ ಬದಲಾಗದ ಸ್ಟೆಪ್ ಓಡಿಸುವ ಕೆಲಸ ಫಿಕ್ಸ್ಡ್‌ಅಪ್‌ಡೇಟ್ ಮಾಡುತ್ತದೆ, ಡಿಫಾಲ್ಟ್ 0.02 ಸೆಕೆಂಡ್. ಇನ್ನೊಂದು ಗೇಮ್ ಎಂಜಿನ್ ಗೊಡೋದಲ್ಲಿ ಸೆಕೆಂಡಿಗೆ 60 ಸ್ಟೆಪ್.

ಇತಿಹಾಸವನ್ನೂ ಕೇಳಿದ್ದೀರಿ. ಎಂಜಿನ್‌ಗಳ ಹೆಸರಿಗಿಂತ, ಸಮಯವನ್ನು ಹೇಗೆ ತುಂಡರಿಸಿದರು, ಬಿಗಿತವನ್ನು ಹೇಗೆ ನಿಭಾಯಿಸಿದರು ಅನ್ನುವುದೇ ಇದರ ನಿಜವಾದ ಇತಿಹಾಸ. 1998ರ ಟ್ರೆಸ್‌ಪಾಸರ್ ಆಟ ಪೆಟ್ಟಿಗೆಗಳು ಒಂದರೊಳಗೊಂದು ನುಗ್ಗಿದಾಗ ಸ್ಪ್ರಿಂಗ್‌ನಂಥ ಬಲ ಹಾಕಿ ಹೊರದಬ್ಬುತ್ತಿತ್ತು; ನಿಮ್ಮ ಸೇತುವೆಯ ಕಾಯಿಲೆಯೇ. 1999ರ ಕ್ವೇಕ್ 3ರಲ್ಲಿ ಗುರುತ್ವ ಆಟದ ಅಳತೆಯಲ್ಲಿ 800. 125 ಫ್ರೇಮ್ ಓಡಿಸಿದರೆ ಮೇಲೇರುವ ವೇಗದಿಂದ ಪ್ರತಿ ಫ್ರೇಮ್‌ಗೆ 6.4 ಕಳೆಯಬೇಕಾದದ್ದು ದುಂಡಾಗಿಸುವಾಗ 6 ಆಗುತ್ತಿತ್ತು. ಅದಕ್ಕೇ ಆ ವೇಗದಲ್ಲಿ ಆಡುವವರು ಹೆಚ್ಚು ಎತ್ತರ ಜಿಗಿಯುತ್ತಿದ್ದರು. 2000ರ ಹಿಟ್‌ಮ್ಯಾನ್‌ನಲ್ಲಿ ಥಾಮಸ್ ಯಾಕೊಬ್ಸೆನ್ ಸ್ಪ್ರಿಂಗನ್ನೇ ಕೈಬಿಟ್ಟರು: ಹಿಂದಿನ ಮತ್ತು ಈಗಿನ ಸ್ಥಾನಗಳಿಂದಲೇ ಮುಂದಿನದನ್ನು ಲೆಕ್ಕ ಹಾಕುವ ವರ್ಲೆ ವಿಧಾನ, ಜೊತೆಗೆ ಎರಡು ಬಿಂದುಗಳ ನಡುವಿನ ದೂರ ತಪ್ಪಿದ್ದರೆ ಬಿಂದುಗಳನ್ನೇ ಸರಿಸಿ ಕೂರಿಸುವುದು. 2004ರಲ್ಲಿ ಹಾಫ್-ಲೈಫ್ 2 ಹ್ಯಾವಕ್ ಬಳಸಿ ಫಿಸಿಕ್ಸನ್ನೇ ಆಟದ ಒಗಟಾಗಿಸಿತು. 2006ರಲ್ಲಿ ಎರಿನ್ ಕ್ಯಾಟೊ ವಿವರಿಸಿದ ಸೀಕ್ವೆನ್ಶಿಯಲ್ ಇಂಪಲ್ಸ್ (ತಾಗುವ ಜಾಗ, ಕೀಲುಗಳನ್ನು ಒಂದೊಂದಾಗಿ ಪುಟ್ಟ ತಳ್ಳುಗಳಿಂದ ತಿದ್ದುವ ವಿಧಾನ), ಹಿಂದಿನ ಸ್ಟೆಪ್‌ನ ಉತ್ತರದಿಂದಲೇ ಮುಂದಿನದನ್ನು ಶುರುಮಾಡುವ ವಾರ್ಮ್ ಸ್ಟಾರ್ಟಿಂಗ್ ಜೊತೆಗೆ, ಅವರದೇ ಫಿಸಿಕ್ಸ್ ಎಂಜಿನ್ ಬಾಕ್ಸ್2ಡಿಯ ಬುನಾದಿಯಾಯಿತು. ಅದೇ ವರ್ಷ ಬಂದ ಏಜಿಯಾ ಕಂಪನಿಯ ಪ್ರತ್ಯೇಕ ಫಿಸಿಕ್ಸ್ ಕಾರ್ಡ್ ಉಳಿಯಲಿಲ್ಲ. 2008ರಲ್ಲಿ ಎನ್‌ವಿಡಿಯಾ ಕಂಪನಿಯನ್ನೇ ಕೊಂಡಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 2019ರಲ್ಲಿ ಮೈಲ್ಸ್ ಮ್ಯಾಕ್ಲಿನ್ ತಂಡ ತೋರಿಸಿದ್ದು. ಒಂದು ದೊಡ್ಡ ಸ್ಟೆಪ್‌ನಲ್ಲಿ ಸಾಲ್ವರನ್ನು (ದೂರದ ತಪ್ಪುಗಳನ್ನು ತಿದ್ದುವ ಲೆಕ್ಕವನ್ನು) ಇಪ್ಪತ್ತು ಸಲ ತಿರುಗಿಸುವ ಬದಲು, ಇಪ್ಪತ್ತು ಸಣ್ಣ ಸ್ಟೆಪ್ ಮಾಡಿ ಒಂದೊಂದು ಸಲ ತಿರುಗಿಸಿ. ಕೆಲಸ ಹೆಚ್ಚುಕಡಿಮೆ ಅಷ್ಟೇ, ಹಗ್ಗ ಮಾತ್ರ ಎಷ್ಟೋ ಬಿಗಿ. ಸ್ಟೆಪ್ ಅರ್ಧವಾದರೆ ಒಂದು ಸ್ಟೆಪ್‌ನಲ್ಲಿ ಗುರುತ್ವ ಎಳೆಯುವ ದೂರ ಕಾಲುಭಾಗಕ್ಕೆ ಇಳಿಯುತ್ತದೆ, ಸಾಲ್ವರ್ ತಿದ್ದಬೇಕಾದ ತಪ್ಪೇ ಚಿಕ್ಕದಾಗುತ್ತದೆ. 2024ರ ಬಾಕ್ಸ್2ಡಿ 3.0 ಕೂಡ ಈ ಸಣ್ಣ ಸ್ಟೆಪ್‌ಗಳ, ಅಂದರೆ ಸಬ್‌ಸ್ಟೆಪ್‌ಗಳ, ದಾರಿಗೇ ಬಂತು.

ಹಾಗಾಗಿ ಸ್ಪ್ರಿಂಗ್ ತೆಗೆದು, ಯಾಕೊಬ್ಸೆನ್ ಮಾಡಿದಂತೆ ದೂರದ ನಿರ್ಬಂಧ ಹಾಕಿ, ಫ್ರೇಮ್ ಎಷ್ಟೇ ಇರಲಿ 1/60ರ ಪ್ರತಿ ಸ್ಟೆಪ್‌ನಲ್ಲಿ 8 ಸಬ್‌ಸ್ಟೆಪ್ ಓಡಿಸಿ. ಹಲಗೆ 1 ಕೆಜಿ, ಮೇಲೆ ನಿಲ್ಲುವ ಪಾತ್ರ 70 ಕೆಜಿ ಆದರೆ ಹಗ್ಗ ಹಿಗ್ಗುತ್ತದೆ; ಹಲಗೆಯನ್ನು 7 ಕೆಜಿ ಮಾಡಿ. ಅನುಪಾತ ಒಂದಕ್ಕೆ ಹತ್ತು ದಾಟದಿರಲಿ.

ಇಷ್ಟಾದ ಮೇಲೆ ಫ್ರೇಮ್ ಮಿತಿಯನ್ನು ಒಮ್ಮೆ 20, ಒಮ್ಮೆ 37, ಒಮ್ಮೆ 144 ಇಟ್ಟು ಓಡಿಸಿ. 600ನೇ ಸ್ಟೆಪ್‌ನಲ್ಲಿ ನಡುವಿನ ಹಲಗೆಯ ಎತ್ತರವನ್ನು ಫೈಲಿಗೆ ಬರೆಸಿ. ಒಂದೇ ಯಂತ್ರದಲ್ಲಿ, ಯಾರೂ ಸೇತುವೆ ಮುಟ್ಟದಿದ್ದರೆ, ಮೂರೂ ಸಲ ಕೊನೆಯ ದಶಮಾಂಶದವರೆಗೆ ಅದೇ ಸಂಖ್ಯೆ ಬರಬೇಕು. ಬರಲಿಲ್ಲವೆಂದರೆ ಫ್ರೇಮ್ ಸಮಯ ಇನ್ನೂ ಎಲ್ಲೋ ಒಳಗೆ ಸೋರುತ್ತಿದೆ, ಮೊದಲು ಪಾತ್ರ ನಡೆಸುವ ಕೋಡ್ ನೋಡಿ.