ತೂಕ ಇಳಿಸುವ ಆಪರೇಷನ್: ಸ್ಲೀವೋ, ಬೈಪಾಸೋ?

ಪ್ರಶ್ನೆ: ನನಗೆ 42 ವರ್ಷ. ಎತ್ತರ 158 ಸೆಂ.ಮೀ., ತೂಕ 104 ಕೆ.ಜಿ. ಎಂಟು ವರ್ಷದಿಂದ ಶುಗರ್ ಗುಳಿಗೆ ತೊಗೊಳ್ಳುತ್ತಿದ್ದೇನೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.9. ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಮೊಣಕಾಲು ನೋವೂ ಇದೆ. ಒಬ್ಬ ಡಾಕ್ಟರು ಸ್ಲೀವ್ ಅಂತಾರೆ, ಇನ್ನೊಬ್ಬರು ಬೈಪಾಸ್ ಅಂತಾರೆ. ಯಾವುದು ಮಾಡಿಸಲಿ?
– ಓದುಗರು, ಗಂಗಾವತಿ

ಉತ್ತರ: ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 41.7. ಏಷ್ಯಾದವರಿಗೆ 27.5 ದಾಟಿದರೇ ಈ ಚಿಕಿತ್ಸೆ ಸೂಚಿಸಬಹುದು ಎನ್ನುತ್ತದೆ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಹಾಗಾಗಿ ನೀವು ಅರ್ಹರೋ ಅಲ್ಲವೋ ಎಂಬ ಅನುಮಾನ ಬೇಡ. ಯಾವುದು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಆ ಹುಳಿನೀರು.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಸ್ಟೇಪ್ಲರ್ ಹಾಕಿ ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಹಸಿವೆ ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಅದರ ಜೊತೆ ಹೋಗುವುದರಿಂದ ಹಸಿವೆ ತಗ್ಗುತ್ತದೆ. ಆದರೆ ಉಳಿದ ಸಣ್ಣ ಕೊಳವೆಯೊಳಗೆ ಒತ್ತಡ ಹೆಚ್ಚು, ಆಮ್ಲ ಮೇಲಕ್ಕೇ ನುಗ್ಗುತ್ತದೆ. ಎದೆಯುರಿ ಇದ್ದವರಿಗೆ ಅದು ಜಾಸ್ತಿಯಾಗಿ, ಕೆಲವರಿಗೆ ಎರಡನೇ ಆಪರೇಷನ್ನೇ ಬೇಕಾಗುತ್ತದೆ. ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲ ಉಳಿಸಿ, ಅದನ್ನು ನೇರ ಸಣ್ಣ ಕರುಳಿಗೆ ಹೊಲಿಯುತ್ತಾರೆ. ಆ ಚೀಲದಲ್ಲಿ ಆಮ್ಲ ಬಹಳ ಕಡಿಮೆ. ಆಹಾರ ಬೇಗ ಕೆಳಗಿನ ಕರುಳಿಗೆ ಮುಟ್ಟುವುದರಿಂದ ಜಿಎಲ್‌ಪಿ-1 ಎಂಬ, ಇನ್ಸುಲಿನ್ ಹೆಚ್ಚಿಸುವ ಕರುಳಿನ ಹಾರ್ಮೋನು ಏರಿ, ತೂಕ ಇಳಿಯುವ ಮೊದಲೇ ಶುಗರ್ ಇಳಿಯತೊಡಗುತ್ತದೆ. ನಿಮಗೆ ನಮ್ಮ ಮತ ಬೈಪಾಸಿಗೇ. ಅದರಲ್ಲೂ ಕರುಳನ್ನು ಎರಡು ಕಡೆ ಜೋಡಿಸುವ ರೂ-ಎನ್-ವೈ ಮಾದರಿಗೆ. ಒಂದೇ ಜೋಡಣೆಯ 'ಮಿನಿ ಬೈಪಾಸ್'ನಲ್ಲಿ ಪಿತ್ತರಸ ಹಿಂದಕ್ಕೆ ಬರುವ ಸಂಭವವಿದೆ. ಏನೇ ಆದರೂ ಮೊದಲು ಎಂಡೋಸ್ಕೋಪಿ ಆಗಲೇಬೇಕು.

ಎಂಟು ವರ್ಷದ ಶುಗರ್, ಇನ್ಸುಲಿನ್ ಇನ್ನೂ ಶುರುವಾಗಿಲ್ಲ ಎಂದಾದರೆ ಗುಳಿಗೆ ಬಹಳಷ್ಟು ಕಡಿಮೆಯಾಗುವ, ನಿಂತೇ ಹೋಗುವ ಸಾಧ್ಯತೆ ಇದೆ. ಕೆಲ ವರ್ಷದ ನಂತರ ಶುಗರ್ ಮರಳಬಹುದು ಎಂಬುದೂ ಗೊತ್ತಿರಲಿ. ಬಿಪಿ, ಫ್ಯಾಟಿ ಲಿವರ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೂ ಸುಧಾರಿಸುತ್ತವೆ. ಮೊಣಕಾಲಿನ ಮಾತು ಬೇರೆ: ಕೊಪ್ಪಳ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಅದರಿಂದಲೂ ಕೀಲುನೋವು ಬರುತ್ತದೆ, ನೋವೆಲ್ಲ ತೂಕದ್ದೇ ಆಗಿರಬೇಕಿಲ್ಲ. ಎಕ್ಸ್‌ರೇ ತೆಗೆಸಿ.

ನಿಮ್ಮ ಶುಗರ್ ಗುಳಿಗೆಯ ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುತ್ತಿದ್ದರೆ ಆಪರೇಷನ್ನಿಗೆ 3–4 ದಿನ ಮೊದಲು ಡಾಕ್ಟರ ಸಲಹೆಯಂತೆ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯ ಉಂಟು. ಬೈಪಾಸ್ ನಂತರ ಬಿ12, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ಡಿ ವಿಟಮಿನ್ ಜೀವನಪೂರ್ತಿ. ಕಬ್ಬಿಣಕ್ಕೂ ಕ್ಯಾಲ್ಸಿಯಮ್ಮಿಗೂ ನಡುವೆ ಎರಡು ತಾಸಾದರೂ ಇರಲಿ. ರಕ್ತಪರೀಕ್ಷೆ 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಮುಟ್ಟಬೇಡಿ, ತಂಬಾಕೂ ಬೇಡ. ಜೋಡಣೆಯ ಜಾಗದಲ್ಲಿ ಹುಣ್ಣಾಗಲು ಇವು ಮುಖ್ಯ ಕಾರಣ.

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಲೀವ್ ಆಗಿ ಎರಡು ತಿಂಗಳು. ಹತ್ತು ದಿನದಿಂದ ಏನು ತಿಂದರೂ ವಾಂತಿ. ಈಗ ನಡೆಯುವಾಗ ತೂರಾಡುತ್ತಾರೆ, ಎದುರಿನದು ಎರಡೆರಡಾಗಿ ಕಾಣುತ್ತದೆಯಂತೆ. ಇಲ್ಲೇ ಗ್ಲೂಕೋಸ್ ಹಚ್ಚಿಸಿದರೆ ಸಾಕೇ?
– ಓದುಗರು, ಸಿಂಧನೂರು

ಉತ್ತರ: ಸಾಲದು. ಇವರಿಗೆ ಅಂಚೆಯಲ್ಲೇ ಉತ್ತರಿಸಿದ್ದೇವೆ. ಉಳಿದವರಿಗೂ ಗೊತ್ತಿರಲೆಂದು ಇಲ್ಲಿ ಬರೆಯುತ್ತಿದ್ದೇವೆ. ಬಿ1, ಅಂದರೆ ಥಯಾಮಿನ್, ದೇಹದಲ್ಲಿ ಉಳಿಯುವುದು ಕೆಲವೇ ವಾರ. ವಾಂತಿ ಹಿಡಿದರೆ ಅದು ಬರಿದಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ತೂರಾಟ, ಎರಡೆರಡು ಕಾಣುವುದು, ಗೊಂದಲ ಅದರ ಗುರುತು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹಚ್ಚಿದರೆ ಇದ್ದಬದ್ದ ಬಿ1 ಕೂಡ ಅದಕ್ಕೇ ಖರ್ಚಾಗಿ ಸ್ಥಿತಿ ಕೆಡುತ್ತದೆ. ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, 'ಸ್ಲೀವ್ ಆಗಿದೆ, ಮೊದಲು ಥಯಾಮಿನ್ ಇಂಜೆಕ್ಷನ್' ಎಂದು ಬಾಯಿ ಬಿಟ್ಟು ಹೇಳಿ. ತುರ್ತು ವಿಭಾಗದ ಎಲ್ಲರಿಗೂ ಇದು ತಟ್ಟನೆ ಹೊಳೆಯುವುದಿಲ್ಲ. ವಾಂತಿಗೆ ಕಾರಣ ಕೊಳವೆ ಕಿರಿದಾಗಿರುವುದೋ ಎಂದು ಎಂಡೋಸ್ಕೋಪಿಯಲ್ಲಿ ನೋಡಬೇಕು.

ಎಷ್ಟೋ ಸಲ ಕಾರಣ ಅಷ್ಟು ದೊಡ್ಡದಿರುವುದಿಲ್ಲ, ಊಟದ ಆತುರವಷ್ಟೇ. ಆಪರೇಷನ್ ಆದ ಮೊದಲ ಎರಡು ವಾರ ತೆಳು ಮಜ್ಜಿಗೆ, ಬೇಳೆಕಟ್ಟು; ಮುಂದಿನೆರಡು ವಾರ ನುಣ್ಣಗೆ ರುಬ್ಬಿದ್ದು; ಆಮೇಲೆ ಮೆತ್ತಗಿನದು. ಖಡಕ್ ರೊಟ್ಟಿಗೆ ಮೂರು ತಿಂಗಳಾದರೂ ಕಾಯಿರಿ, ತಿಂದರೂ ಬೇಳೆಕಟ್ಟಿನಲ್ಲಿ ನೆನೆಸಿ. ಒಗ್ಗರಣಿ-ಮಿರ್ಚಿಯ ಆಸೆ ನಮಗೂ ಅರ್ಥವಾಗುತ್ತದೆ, ಆದರೆ ಕರಿದ ಬಜ್ಜಿ ಆ ಕೊಳವೆಗೆ ಒಗ್ಗುವುದಿಲ್ಲ. ದಿನಕ್ಕೆ 60 ಗ್ರಾಂ ಪ್ರೋಟೀನ್ ಮೊದಲು ಹೋಗಲಿ: ಮೊಟ್ಟೆ, ಮೊಸರು, ಹೆಸರುಬೇಳೆ. ಕೂದಲುದುರುವಿಕೆಗೆ ಪ್ರೋಟೀನ್ ಸಾಲದಿರುವುದೂ ಒಂದು ಕಾರಣ. ಉಂಡ ಮೇಲೆ ಅರ್ಧ ತಾಸು ನೀರು ಬೇಡ, ಉಳಿದ ಹೊತ್ತೆಲ್ಲ ಗುಟುಕು ಗುಟುಕಾಗಿ. ರಾಯಚೂರಿನ ಏಪ್ರಿಲ್–ಮೇ ಬಿಸಿಲಲ್ಲಿ ಒಮ್ಮೆಲೇ ಚೊಂಬು ನೀರು ಕುಡಿಯಲು ಈ ಹೊಟ್ಟೆಗೆ ಆಗದು. ಮೊದಲ ತಿಂಗಳುಗಳು ಬೇಸಿಗೆಗೆ ಬೀಳದಂತೆ ದಿನ ಗೊತ್ತು ಮಾಡಿಕೊಂಡರೆ ಒಳ್ಳೆಯದು.

ಪ್ರಶ್ನೆ: ಇನ್ಶೂರೆನ್ಸ್ ದುಡ್ಡು ಕೊಡುತ್ತದೆಯೇ?
– ಓದುಗರು, ಬಳ್ಳಾರಿ

ಉತ್ತರ: ಚೆನ್ನಾಗಿ ಕಾಣಲೆಂದು ಮಾಡಿಸಿದರೆ ಇಲ್ಲ. ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಷರತ್ತಿನ ಪ್ರಕಾರ ವಯಸ್ಸು 18 ತುಂಬಿರಬೇಕು. ಬಿಎಂಐ 40 ಅಥವಾ ಹೆಚ್ಚಿರಬೇಕು, ಇಲ್ಲವೇ 35 ಅಥವಾ ಹೆಚ್ಚಿದ್ದು ಅದರ ಜೊತೆಗೆ ಹತೋಟಿಗೆ ಬಾರದ ಟೈಪ್ 2 ಶುಗರ್, ಹೃದ್ರೋಗ, ತೀವ್ರ ಸ್ಲೀಪ್ ಅಪ್ನಿಯಾದಂಥ (ನಿದ್ದೆಯಲ್ಲಿ ಉಸಿರು ಕಟ್ಟುವ) ಕಾಯಿಲೆ ಇದ್ದು, ಬೇರೆ ವಿಧಾನ ಫಲಿಸದಿರಬೇಕು. ಹಳೆಯ ಡಯಟ್ ಚೀಟಿ, ತೂಕದ ದಾಖಲೆ ಎಸೆಯಬೇಡಿ. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೇ ಎಂದೂ ನೋಡಿ.

ಪ್ರಶ್ನೆ: ಮಗಳಿಗೆ 27. ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ, ಮಕ್ಕಳಾಗಿಲ್ಲ. ಬೈಪಾಸ್ ಮಾಡಿಸಿದರೆ ಗರ್ಭ ನಿಲ್ಲುತ್ತದೆಯೇ?
– ಓದುಗರು, ಕುಷ್ಟಗಿ

ಉತ್ತರ: ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ತೊಂದರೆ ಬರುವುದೇ ಅಲ್ಲಿ: ತೂಕ ಭರದಿಂದ ಇಳಿಯುವ ಮೊದಲ 12–18 ತಿಂಗಳು ಬಸಿರಾಗಬಾರದು, ಮಗುವಿಗೆ ಪೋಷಣೆ ಸಾಲದು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹೀರಿಕೆಯಾಗದಿರಬಹುದು, ಕಾಪರ್-ಟಿ ಮೇಲು. ಮುಂದೆ ಗರ್ಭಿಣಿಯಾದಾಗ ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಪರೀಕ್ಷೆ ಬೇಡವೆನ್ನಲಿ. ಬೆವರು, ತಲೆಸುತ್ತು, ಭೇದಿ ಆಗುತ್ತದೆ. ಬದಲಿಗೆ ಮನೆಯಲ್ಲೇ ಗ್ಲೂಕೋಮೀಟರ್‌ನಿಂದ ಒಂದು ವಾರ ಊಟಕ್ಕೆ ಮುಂಚೆ, ನಂತರ ನೋಡಿ ಬರೆದಿಟ್ಟು ಡಾಕ್ಟರಿಗೆ ತೋರಿಸಲಿ.